ಗರಿಕೆ ಹುಲ್ಲಿನ ಡಾಕ್ಟರು

ಶನಿವಾರ ಬೆಳಿಗ್ಗೆ ನಮ್ಮ ಮಧುರೆ ಕಡೆಗೆ ಬರುವ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲರೂ ಶನಿಮಹಾತ್ಮನ ದರ್ಶನಕ್ಕೆ ಎಳ್ಳೆಣ್ಣೆ ಹಿಡಿದು ಬರುವವರು. ಅದೇ ಹೊತ್ತಿಗೆ ಊರಿನಿಂದ ಹೊರಡುವ ಬಸ್ಸು ಮಾತ್ರ ಖಾಲಿ ಖಾಲಿ. ಮೂರು ವರ್ಷ ಶನಿವಾರ, ಭಾನುವಾರ ಆ ಖಾಲಿ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂತು ದೊಡ್ಡಬಳ್ಳಾಪುರಕ್ಕೆ ಹೋಗಿ, ಅಲ್ಲಿಂದ ದೇವನಹಳ್ಳಿ ಕಡೆಯ ಒಂದು ಗಾಲ್ಫ್ ಮೈದಾನ ಸೇರುತ್ತಿದ್ದೆ. ಆಡುವುದಕ್ಕಲ್ಲ, ಆಡುವವರ ಬ್ಯಾಗ್ ಹೊರುವುದಕ್ಕೆ. ಕ್ಯಾಡಿ ಅಂತ ಅದಕ್ಕೆ ಹೆಸರು.

ಬಿ.ಎಸ್ಸಿ. ಮುಗಿಸಿ ಐದು ವರ್ಷವಾಯಿತು. ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಓದಿದವನು. ಎಫ್‌ಡಿಎ ಬರೆದೆ, ಪಿಡಿಒ ಬರೆದೆ, ಪೊಲೀಸ್ ಇಲಾಖೆಯದ್ದೂ ಬರೆದೆ. ಕಟ್ ಆಫ್‌ಗೆ ಎರಡು ಅಂಕ, ನಾಲ್ಕು ಅಂಕ ಕಡಿಮೆ ಬೀಳುವುದು ಅಭ್ಯಾಸವಾಗಿ ಹೋಗಿದೆ. ಈ ಪುಟ ಓದುವ ಬಹಳ ಮಂದಿಗೆ ಆ ಎರಡು ಅಂಕದ ಸಂಕಟ ಬಿಡಿಸಿ ಹೇಳಬೇಕಿಲ್ಲ. ಹೀಗಿರುವಾಗ ಕಳೆದ ತಿಂಗಳು ಒಂದು ಮೈದಾನದವರು ಹುಲ್ಲು ನೋಡಿಕೊಳ್ಳುವ ವಿಭಾಗದಲ್ಲಿ ಟ್ರೈನಿಯಾಗಿ ಸೇರುತ್ತೀಯಾ ಎಂದು ಕೇಳಿದರು. ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು.

ಮನೆಯಲ್ಲಿ ಹೇಳಿದಾಗ ಅಪ್ಪ ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. ಗಾಲ್ಫ್ ಮೈದಾನದಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ಅಂದರೆ ಬೇರೇನೂ ಅಲ್ಲ, ನಮ್ಮ ಗರಿಕೆಯೇ. ಗಣೇಶನಿಗೆ ಏರಿಸುತ್ತೇವಲ್ಲ, ಅದೇ ಜಾತಿ. ಗ್ರೀನ್‌ಗಳಲ್ಲಿ ಹಾಕುವುದು ಅದರ ಮಿಶ್ರ ತಳಿ, ಎಲೆ ಇನ್ನೂ ಸಣ್ಣ. ಅಪ್ಪ ಮೂವತ್ತು ವರ್ಷದಿಂದ ರಾಗಿ ಹೊಲದಲ್ಲಿ ಆ ಗರಿಕೆ ಕಿತ್ತು ಕಿತ್ತು ಸೊಂಟ ಬಗ್ಗಿಸಿಕೊಂಡವರು. ಒಂದು ಗೆಣ್ಣು ಉಳಿದರೂ ಮತ್ತೆ ಹಬ್ಬುವ ಕಳೆ ಅದು. ಮಗ ಡಿಗ್ರಿ ಮಾಡಿ ಅದನ್ನೇ ಬೆಳೆಸಲು ಹೋಗುತ್ತಾನೆ ಎಂದರೆ ಅವರಿಗೆ ಹೇಗಾಗಬೇಡ? ಅವರ ಇನ್ನೊಂದು ಮಾತು ನನ್ನನ್ನು ಹೆಚ್ಚು ಚುಚ್ಚಿತು. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳು ಏಳುವ ತಾಲ್ಲೂಕಿನವನು ನೀನು, ಶ್ರೀಮಂತರ ಚೆಂಡು ಉರುಳಲಿ ಎಂದು ಹುಲ್ಲಿಗೆ ನೀರು ಬಿಡುತ್ತೀಯಾ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ನಾನು ಬ್ಯಾಗ್ ಹೊರುತ್ತಿದ್ದ ಒಬ್ಬ ನಿವೃತ್ತ ಎಂಜಿನಿಯರ್ ಸಾರ್ ಇದ್ದಾರೆ. ಅವರಿಗೆ ವಿಷಯ ತಿಳಿಸಿದೆ. ಅವರು ಉಪದೇಶ ಮಾಡಲಿಲ್ಲ. ಹಳೆಯ ಇಂಗ್ಲಿಷ್ ಪುಸ್ತಕವೊಂದರ ಜೆರಾಕ್ಸ್ ಕೊಟ್ಟು, ಓದಿಕೊಂಡು ಬಾ, ಭಾನುವಾರ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ನನ್ನ ಅತಿಥಿಯಾಗಿ ನೀನೇ ಆಡು ಎಂದರು. 1920ರಲ್ಲಿ ಬಂದ, ಗಾಲ್ಫ್ ಮೈದಾನಗಳ ವಿನ್ಯಾಸದ ಬಗೆಗಿನ ಪುಸ್ತಕ ಅದು. ಬರೆದವನು ಅಲಿಸ್ಟರ್ ಮೆಕೆಂಜಿ. ಹೆಸರಿನ ಹಿಂದೆ ಡಾಕ್ಟರ್ ಎಂದಿತ್ತು. ಪಿಎಚ್‌.ಡಿ. ಇರಬೇಕು ಅಂದುಕೊಂಡೆ. ಅಲ್ಲ, ನಿಜವಾಗಿ ಸೂಜಿ ಚುಚ್ಚುವ ಡಾಕ್ಟರು!

ಮೆಕೆಂಜಿ ಹುಟ್ಟಿದ್ದು 1870ರ ಆಗಸ್ಟ್ 30ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್‌ನ ನಾರ್ಮಂಟನ್‌ನಲ್ಲಿ. ಅಪ್ಪ ಸ್ಕಾಟ್ಲೆಂಡ್ ಮೂಲದ ವೈದ್ಯ. ಮಗನೂ ಅದೇ ದಾರಿ ಹಿಡಿಯಬೇಕೆಂಬುದು ಎಲ್ಲ ಕಾಲದ, ಎಲ್ಲ ದೇಶದ ಅಪ್ಪಂದಿರ ಆಸೆ ತಾನೆ. ಹುಡುಗ ಕೇಂಬ್ರಿಡ್ಜ್‌ನಲ್ಲಿ ಓದಿ ವೈದ್ಯನಾದ. ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಬೋಯರ್ ರೈತರಿಗೂ ಯುದ್ಧ ನಡೆಯುತ್ತಿದ್ದಾಗ ಸೈನ್ಯದ ವೈದ್ಯನಾಗಿ ಅಲ್ಲಿಗೆ ಹೋದ.

ಅಲ್ಲಿ ಆತ ಗಾಯಗಳಿಗೆ ಔಷಧಿ ಹಚ್ಚುತ್ತಲೇ ಇನ್ನೊಂದನ್ನು ಗಮನಿಸುತ್ತಿದ್ದ. ಬೋಯರರ ಸಂಖ್ಯೆ ಕಡಿಮೆ. ಆದರೂ ದೊಡ್ಡ ಸೈನ್ಯವನ್ನು ಸತಾಯಿಸುತ್ತಿದ್ದರು. ಕಾರಣ, ಅವರು ನೆಲವನ್ನು ಬಲ್ಲವರು. ಕಂದಕ ತೋಡಿದರೆ ಅದು ಕಂದಕದ ಹಾಗೆ ಕಾಣುತ್ತಿರಲಿಲ್ಲ. ಸುತ್ತಲಿನ ದಿಬ್ಬ, ಪೊದೆ, ಕಲ್ಲುಗಳ ಜೊತೆ ಬೆರೆತು ಹೋಗುತ್ತಿತ್ತು. ಕಂದಕವೇ ಇಲ್ಲದ ಕಡೆ ಇದೆ ಎಂದು ಶತ್ರುವಿಗೆ ಭ್ರಮೆ ಹುಟ್ಟಿಸುವುದೂ ಅವರಿಗೆ ಗೊತ್ತಿತ್ತು. ಮನುಷ್ಯ ಮಾಡಿದ್ದು ಪ್ರಕೃತಿ ಮಾಡಿದ್ದರಂತೆ ಕಾಣಬೇಕು ಎಂಬ ಈ ಒಂದು ಪಾಠವನ್ನು ಆತ ಸಾಯುವತನಕ ಬಿಡಲಿಲ್ಲ.

ಊರಿಗೆ ಮರಳಿ ಲೀಡ್ಸ್ ನಗರದಲ್ಲಿ ವೈದ್ಯಕೀಯ ಶುರು ಮಾಡಿದ. ರೋಗಿಗಳಿಗಿಂತ ಗಾಲ್ಫ್ ಮೈದಾನದ ಕಡೆಗೇ ಮನಸ್ಸು. ತಮಾಷೆ ಎಂದರೆ ಆತ ದೊಡ್ಡ ಆಟಗಾರನಲ್ಲ. ಸುಮಾರಾಗಿ ಆಡುತ್ತಿದ್ದ, ಅಷ್ಟೆ. ಬಹುಶಃ ಅದಕ್ಕೇ ಸುಮಾರಾಗಿ ಆಡುವವರ ಕಷ್ಟ ಆತನಿಗೆ ಅರ್ಥವಾಯಿತು. 1907ರಲ್ಲಿ ಲೀಡ್ಸ್ ಪಕ್ಕದಲ್ಲೇ ಆಲ್ವುಡ್ಲಿ ಎಂಬ ಕ್ಲಬ್ ಹುಟ್ಟಿಕೊಂಡಾಗ ಅದರ ಮೈದಾನದ ನಕ್ಷೆಯನ್ನು ತಾನೇ ಹಾಕಿಕೊಟ್ಟ. ಡಾಕ್ಟರ ಮಾತನ್ನು ನಂಬಬಹುದೇ ಎಂದು ಕ್ಲಬ್ಬಿನವರಿಗೆ ಅನುಮಾನ. ಆ ಕಾಲದ ಹೆಸರಾಂತ ವಿನ್ಯಾಸಕ ಹ್ಯಾರಿ ಕೋಲ್ಟ್ ಅವರನ್ನು ಕರೆಸಿ ಕೇಳಿದರು. ಕೋಲ್ಟ್ ಒಪ್ಪಿದರು. ಆಗ ಮೆಕೆಂಜಿಗೆ ಮೂವತ್ತೇಳು ವರ್ಷ. ಈ ಸಾಲು ಓದಿದಾಗ ಬಸ್ಸು ಕಂಟನಕುಂಟೆ ಹತ್ತಿರ ಇತ್ತು. ಜೆರಾಕ್ಸ್ ಮಡಚಿಟ್ಟು ನನ್ನ ವಯಸ್ಸು ಲೆಕ್ಕ ಹಾಕಿದೆ. ಇಪ್ಪತ್ತಾರು.

ಆದರೂ ವೈದ್ಯಕೀಯ ಬಿಡುವ ಧೈರ್ಯ ಆತನಿಗೆ ಒಮ್ಮೆಲೇ ಬರಲಿಲ್ಲ. ನನಗೆ ಹಿಡಿಸಿದ್ದು ಇದೇ. ಸಿನಿಮಾದಲ್ಲಿ ತೋರಿಸುವ ಹಾಗೆ ರಾಜೀನಾಮೆ ಎಸೆದು ಹೊರಟವನಲ್ಲ. ವರ್ಷಗಟ್ಟಲೆ ಎರಡನ್ನೂ ಎಳೆದುಕೊಂಡು ಹೋದ. 1914ರಲ್ಲಿ ‘ಕಂಟ್ರಿ ಲೈಫ್’ ಪತ್ರಿಕೆ ಒಂದು ಸ್ಪರ್ಧೆ ಇಟ್ಟಿತು. ನ್ಯೂಯಾರ್ಕ್ ಬಳಿಯ ಹೊಸ ಮೈದಾನಕ್ಕಾಗಿ ಎರಡು ಹೊಡೆತದಲ್ಲಿ ಗ್ರೀನ್ ಮುಟ್ಟುವಂಥ ಒಂದು ಹೋಲ್‌ನ ಚಿತ್ರ ಬರೆದು ಕಳಿಸಬೇಕು. ಮೆಕೆಂಜಿಯ ಚಿತ್ರಕ್ಕೇ ಬಹುಮಾನ ಬಂತು. ಅಷ್ಟರಲ್ಲಿ ಮೊದಲ ಮಹಾಯುದ್ಧ. ಮತ್ತೆ ಸೈನ್ಯ. ಈ ಸಲ ವೈದ್ಯನ ಕೆಲಸಕ್ಕಿಂತ ಹೆಚ್ಚಾಗಿ ಸೈನಿಕರಿಗೆ ಕಂದಕಗಳನ್ನು ಮರೆಮಾಚುವ ವಿದ್ಯೆ ಹೇಳಿಕೊಟ್ಟ. ಯುದ್ಧ ಮುಗಿದ ಮೇಲೆ ಐವತ್ತರ ಹೊಸ್ತಿಲಲ್ಲಿ ಪೂರ್ತಿಯಾಗಿ ಮೈದಾನ ಕಟ್ಟುವ ಕೆಲಸಕ್ಕೆ ಇಳಿದ.

ಆ 1920ರ ಪುಸ್ತಕದಲ್ಲಿ ಹದಿಮೂರು ಸೂತ್ರಗಳಿವೆ. ಎಲ್ಲವನ್ನೂ ಹೇಳುತ್ತಾ ಕೂರುವುದಿಲ್ಲ. ಬಲವಾಗಿ ಹೊಡೆಯುವವನ ಎದುರು ಅಡ್ಡಿ ಇದ್ದರೆ ಬಲ ಸಾಲದವನಿಗೆ ಪಕ್ಕದಲ್ಲಿ ಬೇರೆ ದಾರಿ ಇರಬೇಕು. ಒಂದು ಹೊಡೆತ ಹೆಚ್ಚಾದೀತು, ಆದರೆ ಅವನೂ ತಲುಪಬೇಕು. ಎಷ್ಟೇ ಕೆಟ್ಟದಾಗಿ ಆಡಿದವನಿಗೂ ಖುಷಿ ಸಿಗಬೇಕು. ಕಳೆದ ಚೆಂಡು ಹುಡುಕುತ್ತಾ ಪೊದೆಯಲ್ಲಿ ಅಲೆಯುವ ಪಾಡು ಬರಬಾರದು. ಪೊದೆಯಲ್ಲಿ ಹುಡುಕುವವರು ಕ್ಯಾಡಿಗಳೇ ಆದ್ದರಿಂದ ಈ ಸೂತ್ರಕ್ಕೆ ನನ್ನದೊಂದು ಕೈ ಮುಗಿತ.

1926ರಲ್ಲಿ ಆಸ್ಟ್ರೇಲಿಯಾದ ರಾಯಲ್ ಮೆಲ್ಬರ್ನ್ ಕ್ಲಬ್ ಆತನನ್ನು ಕರೆಸಿಕೊಂಡಿತು. ಹಡಗಿನಲ್ಲಿ ಹೋದ ಮನುಷ್ಯ ಅಲ್ಲಿದ್ದದ್ದು ಕೆಲವೇ ವಾರ. ಅಷ್ಟರಲ್ಲೇ ರಾಯಲ್ ಮೆಲ್ಬರ್ನ್‌ನ ಪಶ್ಚಿಮ ಮೈದಾನದ ನಕ್ಷೆ ಹಾಕಿದ. ಅಕ್ಕಪಕ್ಕದ ಕಿಂಗ್‌ಸ್ಟನ್ ಹೀತ್, ವಿಕ್ಟೋರಿಯಾ ಕ್ಲಬ್‌ಗಳಿಗೂ ಬಂಕರ್‌ಗಳನ್ನು ಎಲ್ಲಿ, ಹೇಗೆ ತೋಡಬೇಕೆಂದು ಹೇಳಿಕೊಟ್ಟ. ಬಂಕರ್ ಎಂದರೆ ಮರಳು ತುಂಬಿದ ಗುಂಡಿ, ಚೆಂಡು ಬಿದ್ದರೆ ಎತ್ತುವುದು ಕಷ್ಟ. ನೆಲದ ಮೇಲೆ ನಿಂತು ಆ ನಕ್ಷೆಯನ್ನು ನಿಜ ಮಾಡಿದವರು ಅಲೆಕ್ಸ್ ರಸೆಲ್ ಎಂಬ ಆಟಗಾರ ಮತ್ತು ಮಿಕ್ ಮಾರ್ಕಮ್ ಎಂಬ ಗ್ರೀನ್‌ಕೀಪರ್. ಗ್ರೀನ್‌ಕೀಪರ್, ಅಂದರೆ ಹುಲ್ಲು ನೋಡಿಕೊಳ್ಳುವವನು. ಮೆಕೆಂಜಿ ಹಡಗು ಹತ್ತಿದ ಮೇಲೆ ವರ್ಷಗಟ್ಟಲೆ ಮಣ್ಣು ಹೊತ್ತದ್ದು ಇವರು. ರಾಯಲ್ ಮೆಲ್ಬರ್ನ್ ಇವತ್ತಿಗೂ ಜಗತ್ತಿನ ಅತ್ಯುತ್ತಮ ಮೈದಾನಗಳಲ್ಲಿ ಒಂದು. ಮಾರ್ಕಮ್ ಹೆಸರು ಇನ್ನೂ ದೊಡ್ಡದಾಗಿ ಕೇಳಿಬರಬೇಕಿತ್ತು ಎಂದು ನನಗನಿಸುತ್ತದೆ. ನನ್ನ ಸ್ವಾರ್ಥವೂ ಇದೆ ಅನ್ನಿ.

ಇದಕ್ಕೂ ಬೆಂಗಳೂರಿಗೂ ಏನು ಸಂಬಂಧ? ಆ ವಿಕ್ಟೋರಿಯಾ ಕ್ಲಬ್‌ನಲ್ಲಿ ಆಡಿ ಬೆಳೆದವರು ಪೀಟರ್ ಥಾಮ್ಸನ್. ಬ್ರಿಟಿಷ್ ಓಪನ್ ಅನ್ನು ಐದು ಸಲ ಗೆದ್ದವರು. 1964ರಲ್ಲಿ ಇಂಡಿಯನ್ ಓಪನ್ ಶುರುವಾಗಲು ಓಡಾಡಿದವರು, ಮೊದಲ ವರ್ಷ ಗೆದ್ದವರೂ ಅವರೇ. ಮುಂದೆ ಮೈದಾನ ವಿನ್ಯಾಸಕ್ಕೆ ಇಳಿದ ಅವರು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಪಕ್ಕ, ಚಲ್ಲಘಟ್ಟ ಕೆರೆಯಿದ್ದ ಜಾಗದಲ್ಲಿ ನಮ್ಮ ಕೆಜಿಎ ಮೈದಾನವನ್ನು ರೂಪಿಸಿದರು. ಕೆರೆಯಿದ್ದ ಜಾಗ ಎಂದು ಬರೆಯುವಾಗ ಅಪ್ಪನ ಮುಖ ನೆನಪಾಗುತ್ತದೆ. ನಮ್ಮ ಮಧುರೆ ಕೆರೆಯ ಏರಿ ಮೇಲೆ ಓಡಾಡಿ ಬೆಳೆದವನಿಗೆ ಅದು ಸುಲಭವಾಗಿ ನುಂಗುವ ಮಾತಲ್ಲ.

ಭಾನುವಾರ ಬಂತು. ಎರವಲು ಶೂ, ತಮ್ಮನ ಕಾಲರ್ ಟಿ-ಶರ್ಟ್. ಮೂರು ವರ್ಷ ಬೇರೆಯವರ ಕೈಗೆ ಯಾವ ಕ್ಲಬ್ ಕೊಡಬೇಕೆಂದು ಹೇಳುತ್ತಿದ್ದವನು ಮೊದಲ ಟೀ ಮೇಲೆ ನಿಂತಾಗ ಕೈ ಬೆವರಿತು. ನನ್ನ ಬ್ಯಾಗ್ ಹೊತ್ತಿದ್ದ ಕ್ಯಾಡಿ ನನಗಿಂತ ಹಿರಿಯ. ಅಣ್ಣಾ, ನಾನೇ ಹೊರುತ್ತೇನೆ ಎಂದೆ. ಆತ ನಕ್ಕು ಬ್ಯಾಗನ್ನು ಹೆಗಲಿಗೆ ಸರಿಯಾಗಿ ಏರಿಸಿಕೊಂಡ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ ಅವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಕತೆಯನ್ನು ನಡೆಯುತ್ತಾ ಹೇಳಿದ. ನನ್ನ ಮೊದಲ ಹೊಡೆತ ಇಪ್ಪತ್ತು ಹೆಜ್ಜೆ ದೂರ ಉರುಳಿತು. ಅವನೂ ಸಾರೂ ಏನೂ ಆಗಿಲ್ಲವೆಂಬಂತೆ ಆಕಾಶ ನೋಡಿದರು.

ಒಂದು ಹೋಲ್ ಮಾತ್ರ ಮರೆಯಲಾರೆ. ದೂರದಿಂದ ನೋಡಿದರೆ ಗ್ರೀನ್‌ಗೆ ಅಂಟಿಕೊಂಡೇ ದೊಡ್ಡ ಬಂಕರ್. ಹೆದರಿ, ಅದನ್ನು ದಾಟಿಸಲು ದೊಡ್ಡ ಕ್ಲಬ್ ತೆಗೆದುಕೊಂಡು ಬಲವಾಗಿ ಬೀಸಿದೆ. ಚೆಂಡು ಗ್ರೀನ್ ಹಾರಿ ಹಿಂದಿನ ಮರಗಳ ಕೆಳಗೆ ಬಿತ್ತು. ಹತ್ತಿರ ಹೋಗಿ ನೋಡುತ್ತೇನೆ, ಬಂಕರ್‌ಗೂ ಗ್ರೀನ್‌ಗೂ ನಡುವೆ ಮೂವತ್ತು ಹೆಜ್ಜೆ ಬಯಲು! ಬಂಕರ್‌ನ ಎತ್ತರದ ಅಂಚು ಆ ಬಯಲನ್ನು ಮರೆಮಾಡಿತ್ತು. ಸಾರ್ ಕಡೆ ನೋಡಿದೆ. ಅವರು ಏನೂ ಹೇಳಲಿಲ್ಲ, ಜೆರಾಕ್ಸ್ ಇದ್ದ ನನ್ನ ಬ್ಯಾಗಿನ ಜೇಬು ತಟ್ಟಿದರು. ಬೋಯರರ ಕಂದಕ, ಮೆಕೆಂಜಿಯ ಪುಸ್ತಕ, ಮೆಲ್ಬರ್ನ್, ಚಲ್ಲಘಟ್ಟ. ಮೋಸ ಹೋದೆನೆಂಬ ಬೇಸರ ಬರಲಿಲ್ಲ, ನಗು ಬಂತು. ಇಂಥದ್ದನ್ನು ಕಟ್ಟುವುದು, ಕಟ್ಟಿದ್ದನ್ನು ಕಾಪಾಡುವುದು ಒಂದು ಕೆಲಸವೇ ಹೌದು ಎಂದು ಮೊದಲ ಸಲ ಅನ್ನಿಸಿತು.

ಒಂಬತ್ತು ಹೋಲ್ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಸಾರ್ ಮೆಕೆಂಜಿಯ ಕೊನೆಯ ದಿನಗಳನ್ನು ಹೇಳಿದರು. ಆಸ್ಟ್ರೇಲಿಯಾದ ನಂತರ ಆತ ಅಮೆರಿಕದಲ್ಲಿ ನೆಲೆಸಿದ. ಕ್ಯಾಲಿಫೋರ್ನಿಯಾದ ಸಮುದ್ರದಂಚಿನಲ್ಲಿ ಸೈಪ್ರೆಸ್ ಪಾಯಿಂಟ್, ಸಾಂತಾ ಕ್ರೂಜ್‌ನಲ್ಲಿ ಪಸಟಿಯೆಂಪೊ ಕಟ್ಟಿದ. ಅವನ್ನು ಆಡಿ ಮೆಚ್ಚಿದ ಬಾಬಿ ಜೋನ್ಸ್, 1930ರಲ್ಲಿ ಒಂದೇ ವರ್ಷ ನಾಲ್ಕು ದೊಡ್ಡ ಪಂದ್ಯಾವಳಿ ಗೆದ್ದು ಇಪ್ಪತ್ತೆಂಟಕ್ಕೇ ನಿವೃತ್ತನಾದ ಆಟಗಾರ, ತನ್ನ ಕನಸಿನ ಮೈದಾನಕ್ಕೆ ಮೆಕೆಂಜಿಯನ್ನೇ ಆರಿಸಿದ. ಜಾರ್ಜಿಯಾ ರಾಜ್ಯದಲ್ಲಿ 365 ಎಕರೆಯ ಹಳೆಯ ನರ್ಸರಿ ಜಮೀನು. ಅದೇ ಇಂದು ಮಾಸ್ಟರ್ಸ್ ಪಂದ್ಯಾವಳಿ ನಡೆಯುವ ಆಗಸ್ಟಾ ನ್ಯಾಷನಲ್. ಬಂಕರ್‌ಗಳು ಮೊದಲಿಗೆ ಬರೀ 22.

ಅಷ್ಟರಲ್ಲಿ ಅಮೆರಿಕದ ಆರ್ಥಿಕ ಕುಸಿತ. ಮಾತಾಡಿಕೊಂಡಿದ್ದ ಹತ್ತು ಸಾವಿರ ಡಾಲರ್ ಸಂಭಾವನೆ ಐದು ಸಾವಿರಕ್ಕೆ ಇಳಿಯಿತು. ಅದೂ ಪೂರ್ತಿ ಕೈಗೆ ಬರಲಿಲ್ಲ. ಜಗತ್ತಿನ ದೊಡ್ಡ ದೊಡ್ಡ ಮೈದಾನಗಳನ್ನು ಕಟ್ಟಿದವನು ಬಾಕಿ ಹಣಕ್ಕಾಗಿ ಪತ್ರ ಬರೆಯುತ್ತಾ ಕೂತ. ಹುಲ್ಲು ಹಬ್ಬಿ ಸಿದ್ಧವಾದ ಆಗಸ್ಟಾವನ್ನು ಆತ ನೋಡಲೇ ಇಲ್ಲ. ಪಸಟಿಯೆಂಪೊ ಮೈದಾನದ ಅಂಚಿನ ತನ್ನ ಮನೆಯಲ್ಲಿದ್ದವನು 1934ರ ಜನವರಿ 6ರಂದು ತೀರಿಕೊಂಡ. ಆಗಸ್ಟಾದಲ್ಲಿ ಮೊದಲ ಪಂದ್ಯಾವಳಿ ನಡೆದದ್ದು ಅದೇ ಮಾರ್ಚ್‌ನಲ್ಲಿ. ಚಿತಾಭಸ್ಮವನ್ನು ಪಸಟಿಯೆಂಪೊದ ಹುಲ್ಲಿನ ಮೇಲೆ ಚೆಲ್ಲಿದರು. ಆತ ಬರೆದಿಟ್ಟಿದ್ದ ಇನ್ನೊಂದು ಪುಸ್ತಕದ ಹಸ್ತಪ್ರತಿ ಆರು ದಶಕದ ನಂತರ ಸಿಕ್ಕಿ 1995ರಲ್ಲಿ ಅಚ್ಚಾಯಿತು. ಕಾಫಿ ಆರಿಹೋಗಿತ್ತು. ಸಂಬಳ ಎಷ್ಟು ಕೊಡುತ್ತಾರೆ ಎಂದು ಬರವಣಿಗೆಯಲ್ಲಿ ತೆಗೆದುಕೋ ಎಂದು ಸಾರ್ ಮೆಲ್ಲಗೆ ಹೇಳಿದರು.

ಕತ್ತಲಾಗುವ ಹೊತ್ತಿಗೆ ಊರು ಸೇರಿದೆ. ಜಗುಲಿಯ ಮೇಲೆ ಶೂ ಬಿಚ್ಚುವಾಗ ಅಡಿಗೆ ಮೆತ್ತಿಕೊಂಡಿದ್ದ ಮಣ್ಣಿನ ಹೆಂಟೆ ಉದುರಿತು. ಅದರಲ್ಲಿ ಬೇರು ಸಮೇತ ಒಂದು ಎಳೆ ಹುಲ್ಲು. ಹಾಲು ಹಾಕಲು ಡೇರಿಗೆ ಹೊರಟಿದ್ದ ಅಪ್ಪ ಕ್ಯಾನ್ ಕೆಳಗಿಟ್ಟು ಅದನ್ನೆತ್ತಿ ಮೊಬೈಲ್ ಬೆಳಕಿನಲ್ಲಿ ತಿರುಗಿಸಿ ನೋಡಿದರು. ಗೆಣ್ಣು ಮುಟ್ಟಿ, ಗರಿಕೆಯೇ ಎಂದು ಖಾತ್ರಿ ಮಾಡಿಕೊಂಡರು. ಎಷ್ಟು ದಿನಕ್ಕೊಮ್ಮೆ ಕತ್ತರಿಸುತ್ತಾರೆ, ಗೊಬ್ಬರ ಯಾವುದು, ನೀರು ಎಲ್ಲಿಂದ ಎಂದು ಒಂದೊಂದಾಗಿ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ನೀರಿನ ಪ್ರಶ್ನೆಗೆ ಈಗಲೂ ತಡವರಿಸಿದೆ. ಕೆಲಸಕ್ಕೆ ಸೇರಿದರೆ ಮೊದಲು ಅದನ್ನೇ ಕೇಳುತ್ತೇನೆ ಎಂದೆ.

ಅಪ್ಪ ಹುಲ್ಲನ್ನು ದೂರ ಎಸೆಯಲಿಲ್ಲ. ತುಳಸಿ ಕಟ್ಟೆಯ ಪಕ್ಕದ ಒಡೆದ ಕುಂಡದಲ್ಲಿ ಹಾಕಿದರು, ಹೊಲಕ್ಕೆ ಹೋಗದಿರಲಿ ಎಂದಿರಬೇಕು. ಕ್ಯಾನ್ ಎತ್ತಿಕೊಂಡು ಗೇಟಿನ ತನಕ ಹೋದವರು ತಿರುಗಿ, ಪಿ.ಎಫ್. ಹಿಡಿಯುತ್ತಾರೋ ಇಲ್ಲವೋ ಎಂದು ಕೇಳಿದರು. ಕಾಗದ ನೋಡಿ ಹೇಳುತ್ತೇನೆ ಎಂದು ಒಳಗೆ ಹೋದೆ.