ಹನ್ನೆರಡು ವರ್ಷ ಕಾದ ಕರೆ

ಹೆಣ್ಣುಮಗಳೊಬ್ಬಳು ಕ್ಯಾಥೊಲಿಕ್ ಕನ್ಯಾಸ್ತ್ರೀಯಾಗಲು ಹೊರಟಾಗ ಹೊರಗಿನವರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಊಹಿಸುತ್ತಾರೆ. ಮಿಂಚು ಹೊಳೆದಂತೆ ಆಕೆಗೆ ದೇವರ ಕರೆ ಕೇಳಿಸಿರಬೇಕು ಎಂಬುದು ಭಕ್ತರ ಊಹೆ. ಬದುಕಿನಲ್ಲಿ ಏನೋ ಸೋಲಾಗಿರಬೇಕು ಎಂಬುದು ಉಳಿದವರ ಅನುಮಾನ. ಜರ್ಮನಿಯ ತತ್ವಜ್ಞಾನಿ ಎಡಿತ್ ಸ್ಟೈನ್ ಅವರ ಜೀವನದಲ್ಲಿ ಈ ಎರಡಕ್ಕೂ ಎಡೆಯಿದ್ದಂತೆ ತೋರುತ್ತದೆ. ಆದರೆ ಮಠ ಸೇರಬೇಕೆಂಬ ಬಯಕೆ ಮೂಡಿದ 1921ಕ್ಕೂ ಮಠದ ಬಾಗಿಲು ತೆರೆದ 1933ಕ್ಕೂ ನಡುವಿನ ಹನ್ನೆರಡು ವರ್ಷಗಳನ್ನು ಗಮನಿಸಿದರೆ ಈ ಎರಡೂ ಊಹೆಗಳು ಸಾಲದಾಗುತ್ತವೆ.

ಎಡಿತ್ ಹುಟ್ಟಿದ್ದು 1891ರ ಅಕ್ಟೋಬರ್ 12ರಂದು, ಬ್ರೆಸ್ಲೌ ನಗರದ ಯಹೂದಿ ಕುಟುಂಬವೊಂದರಲ್ಲಿ. ಆಗ ಜರ್ಮನಿಗೆ ಸೇರಿದ್ದ ಆ ಊರು ಇಂದು ಪೋಲೆಂಡಿನಲ್ಲಿದೆ. ಅಂದು ಯಹೂದಿಗಳಿಗೆ ಅತ್ಯಂತ ಪವಿತ್ರವಾದ ಪ್ರಾಯಶ್ಚಿತ್ತದ ದಿನವಾಗಿತ್ತು. 11 ಮಕ್ಕಳಲ್ಲಿ ಕೊನೆಯವಳಾದ ಈ ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಔಗುಸ್ಟೆ ಮರದ ವ್ಯಾಪಾರವನ್ನು ತಾವೇ ವಹಿಸಿಕೊಂಡು ಸಂಸಾರವನ್ನು ದಡ ಸೇರಿಸಿದರು. ಅಪಾರ ದೈವಭಕ್ತೆಯಾಗಿದ್ದ ಆ ತಾಯಿಯ ಮಗಳು ಹದಿಹರೆಯದಲ್ಲಿಯೇ ಪ್ರಾರ್ಥನೆಯನ್ನು ಕೈಬಿಟ್ಟು, ಸತ್ಯವನ್ನು ಬುದ್ಧಿಯಿಂದಲೇ ಅರಸಲು ಹೊರಟದ್ದು ವಿಪರ್ಯಾಸ.

1913ರಲ್ಲಿ ಗೋಟಿಂಗೆನ್‌ಗೆ ಹೋಗಿ ಎಡ್ಮಂಡ್ ಹುಸರ್ಲ್ ಅವರ ಶಿಷ್ಯೆಯಾದ ಎಡಿತ್, ಮೊದಲ ಮಹಾಯುದ್ಧದ ಕಾಲದಲ್ಲಿ ರೆಡ್‌ಕ್ರಾಸ್ ಪರವಾಗಿ ಸಾಂಕ್ರಾಮಿಕ ರೋಗಿಗಳ ಶುಶ್ರೂಷೆ ಮಾಡಿದರು. 1916ರಲ್ಲಿ ಸಹಾನುಭೂತಿಯ ಸ್ವರೂಪವನ್ನು ಕುರಿತ ಪ್ರಬಂಧಕ್ಕೆ ಅತ್ಯುನ್ನತ ಶ್ರೇಣಿಯಲ್ಲಿ ಡಾಕ್ಟರೇಟ್ ಪಡೆದು ಗುರುವಿನ ಸಹಾಯಕಿಯಾದರು. ಆದರೆ ವಿಶ್ವವಿದ್ಯಾಲಯದಲ್ಲಿ ಬೋಧಿಸುವ ಅರ್ಹತೆಯನ್ನು ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಲಾಯಿತು. ಆಕೆ ಸುಮ್ಮನಿರದೆ ಪ್ರಷ್ಯಾದ ಸರ್ಕಾರಕ್ಕೆ ದೂರು ಬರೆದರು. ಈ ಅರ್ಹತೆಗೆ ಲಿಂಗ ಅಡ್ಡಿಯಾಗಕೂಡದೆಂದು 1920ರಲ್ಲಿ ಆದೇಶ ಹೊರಬಿತ್ತು. ಆದರೂ ಆಕೆಗೆ ಮಾತ್ರ ಆ ಸ್ಥಾನ ದಕ್ಕಲಿಲ್ಲ.

ಈ ನಡುವೆ ಒಳಗೆ ಬೇರೆಯದೇ ಒಂದು ಬದಲಾವಣೆ ನಡೆದಿತ್ತು. 1917ರಲ್ಲಿ ಗೆಳೆಯ, ತತ್ವಜ್ಞಾನಿ ಅಡಾಲ್ಫ್ ರೈನಾಖ್ ಯುದ್ಧದಲ್ಲಿ ಮಡಿದರು. ಸಾಂತ್ವನ ಹೇಳಲು ಹೋದ ಎಡಿತ್‌ಗೆ, ದುಃಖದ ನಡುವೆಯೂ ಕುಸಿಯದೆ ನಿಂತ ಅವರ ಪತ್ನಿಯ ಕ್ರೈಸ್ತ ವಿಶ್ವಾಸ ದಿಗ್ಭ್ರಮೆ ಹುಟ್ಟಿಸಿತು. 1921ರ ಬೇಸಿಗೆಯಲ್ಲಿ ಅವಿಲಾದ ಸಂತ ತೆರೇಸಾರ ಆತ್ಮಕಥೆಯನ್ನು ಓದಿದ ಮೇಲೆ ಹುಡುಕಾಟ ಒಂದು ನೆಲೆಗೆ ಬಂತು. 1922ರ ಜನವರಿ 1ರಂದು ಆಕೆ ದೀಕ್ಷಾಸ್ನಾನ ಪಡೆದರು. ಕ್ಯಾಥೊಲಿಕ್ ಆಗುವುದೂ ತೆರೇಸಾರ ಕಾರ್ಮೆಲ್ ಮಠ ಸೇರುವುದೂ ಆಗ ಆಕೆಗೆ ಒಂದೇ ಹೆಜ್ಜೆಯಾಗಿ ಕಂಡಿದ್ದವು.

ಕಾರ್ಮೆಲ್ ಎಂಬ ಹೆಸರು ನಮಗೆ ಅಪರಿಚಿತವಲ್ಲ. 1870ರಲ್ಲಿ ಮಂಗಳೂರಿಗೆ ಬಂದ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರನ್ನೂ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜನ್ನೂ ಕನ್ನಡಿಗರು ಬಲ್ಲರು. ಅವರು ಶಾಲೆ ಕಾಲೇಜುಗಳಲ್ಲಿ ಸೇವೆಗೈಯುವವರು. ಎಡಿತ್ ಬಯಸಿದ್ದು ಅದೇ ಪರಂಪರೆಯ ಆವೃತ ಮಠವನ್ನು. ಅಲ್ಲಿಗೆ ಕಾಲಿಟ್ಟವರು ಸಾಮಾನ್ಯವಾಗಿ ಹೊರಬರುವುದಿಲ್ಲ. ಮೌನ, ಪ್ರಾರ್ಥನೆ ಮತ್ತು ಕೈಕೆಲಸಗಳೇ ದಿನಚರಿ.

ಆದರೆ ಆಕೆಯ ಆಧ್ಯಾತ್ಮಿಕ ಮಾರ್ಗದರ್ಶಕರು ಒಪ್ಪಲಿಲ್ಲ. ಹೊಸದಾಗಿ ಮತಾಂತರಗೊಂಡವರ ಉತ್ಸಾಹವನ್ನು ಕಾಲವೇ ಪರೀಕ್ಷಿಸಬೇಕು ಎಂಬುದು ಚರ್ಚಿನ ಹಳೆಯ ವಿವೇಕ. ಇಂತಹ ಪ್ರತಿಭೆ ಹೊರಜಗತ್ತಿಗೆ ಬೇಕು ಎಂಬ ಅಭಿಪ್ರಾಯವೂ ಅವರಲ್ಲಿತ್ತು. ಎಲ್ಲಕ್ಕಿಂತ ಮಿಗಿಲಾಗಿ ತಾಯಿಯ ನೋವು ಎದುರಿಗಿತ್ತು. ಮಗಳ ಮತಾಂತರದ ಸುದ್ದಿ ಕೇಳಿಯೇ ಅತ್ತಿದ್ದ ಆ ಜೀವ ಇನ್ನೊಂದು ಆಘಾತವನ್ನು ತಾಳಲಾರದು ಎಂದು ಎಡಿತ್‌ಗೂ ಅನ್ನಿಸಿತ್ತು. ಆಕೆ ಕಾಯಲು ಒಪ್ಪಿದರು. ಊರಿಗೆ ಹೋದಾಗ ತಾಯಿಯೊಂದಿಗೆ ಸಿನಗಾಗಿಗೂ ಹೋಗುತ್ತಿದ್ದರು.

ಆ ಕಾಯುವಿಕೆ ವ್ಯರ್ಥವಾಗಲಿಲ್ಲ. 1923ರಿಂದ 1931ರವರೆಗೆ ಸ್ಪೇಯರ್ ಪಟ್ಟಣದಲ್ಲಿ ಡೊಮಿನಿಕನ್ ಭಗಿನಿಯರ ಶಾಲೆಯಲ್ಲಿ ಪಾಠ ಹೇಳಿದರು. ದೇವರಿಗೆ ಒಪ್ಪಿಸಿಕೊಳ್ಳುವುದೆಂದರೆ ಲೋಕದ ವ್ಯವಹಾರವನ್ನೆಲ್ಲ ಬಿಟ್ಟುಬಿಡುವುದು ಎಂದೇ ಮೊದಮೊದಲು ಭಾವಿಸಿದ್ದ ಆಕೆ, ತೋಮಸ್ ಅಕ್ವಿನಾಸ್‌ರನ್ನು ಓದುತ್ತಾ, ಅನುವಾದಿಸುತ್ತಾ, ವಿದ್ವತ್ತೂ ಒಂದು ಆರಾಧನೆಯಾಗಬಲ್ಲದು ಎಂಬ ತಿಳಿವಿಗೆ ಬಂದರು. ಮಹಿಳೆಯರ ಶಿಕ್ಷಣ ಮತ್ತು ವೃತ್ತಿಗಳನ್ನು ಕುರಿತು ಊರೂರುಗಳಲ್ಲಿ ಉಪನ್ಯಾಸ ನೀಡಿ ಹೆಸರಾದರು. ಮಠದ ಬಯಕೆ ಮಾತ್ರ ಕುಗ್ಗಲಿಲ್ಲ. ಬರಿಯ ಆವೇಶವಾಗಿದ್ದರೆ ಈ ಯಶಸ್ಸಿನ ನಡುವೆ ಅದು ತಾನಾಗಿಯೇ ಆರಿಹೋಗಬೇಕಿತ್ತು.

ಕ್ಯಾಥೊಲಿಕ್ ಪರಂಪರೆ ಕರೆಯನ್ನು ವ್ಯಕ್ತಿಯ ಬಯಕೆಯೊಂದರಿಂದಲೇ ಅಳೆಯುವುದಿಲ್ಲ. ಬಯಸುವವಳ ಉದ್ದೇಶ ಶುದ್ಧವಾಗಿರಬೇಕು, ಆ ಬಾಳಿಗೆ ತಕ್ಕ ದೇಹ, ಮನಸ್ಸುಗಳ ಅರ್ಹತೆ ಇರಬೇಕು, ಮಠವೂ ಆಕೆಯನ್ನು ಒಪ್ಪಬೇಕು. ಎಲ್ಲಕ್ಕೂ ಮಿಗಿಲಾಗಿ ನಿರ್ಧಾರ ಸ್ವತಂತ್ರವಾಗಿರಬೇಕು. ಒಳಗೆ ಬಂದ ಮೇಲೂ ಅಭ್ಯರ್ಥಿಯಾಗಿ, ನವದೀಕ್ಷಿತೆಯಾಗಿ, ತಾತ್ಕಾಲಿಕ ವ್ರತಗಳನ್ನು ಹೊತ್ತವಳಾಗಿ ವರ್ಷಗಟ್ಟಲೆ ಕಳೆದ ನಂತರವೇ ಆಜೀವ ವ್ರತ. ಅಲ್ಲಿಯವರೆಗೆ ಹಿಂದಿರುಗುವ ದಾರಿ ತೆರೆದಿರುತ್ತದೆ. ಆವೃತ ಮಠಗಳಲ್ಲಿ ಈ ತರಬೇತಿ ಕನಿಷ್ಠ 9 ವರ್ಷ ಇರಬೇಕೆಂದು ವ್ಯಾಟಿಕನ್ 2018ರಲ್ಲಿ ವಿಧಿಸಿದೆ. ಮದುವೆಗೆ ಒಂದೆರಡು ಭೇಟಿಗಳೇ ಸಾಕೆನ್ನುವ ನಮ್ಮ ಸಮಾಜಕ್ಕೆ ಈ ನಿಧಾನ ವಿಚಿತ್ರವೆನಿಸಬಹುದು.

1932ರಲ್ಲಿ ಎಡಿತ್ ಮ್ಯೂನ್‌ಸ್ಟರ್‌ನ ಶಿಕ್ಷಣ ಸಂಸ್ಥೆಯೊಂದರಲ್ಲಿ ಉಪನ್ಯಾಸಕಿಯಾದರು. ಮರುವರ್ಷ ಹಿಟ್ಲರ್ ಅಧಿಕಾರಕ್ಕೇರಿದ. ಯಹೂದಿ ಮೂಲದ ಆಕೆಗೆ ಪಾಠ ಹೇಳುವ ಅವಕಾಶ ತಪ್ಪಿತು. ಯಹೂದಿಗಳ ಮೇಲಿನ ದಬ್ಬಾಳಿಕೆಯ ವಿರುದ್ಧ ಚರ್ಚು ದನಿಯೆತ್ತಬೇಕೆಂದು ಆಕೆ ಪೋಪ್ ಹನ್ನೊಂದನೆಯ ಪಿಯುಸ್‌ಗೆ ಪತ್ರ ಬರೆದರು. ದಕ್ಷಿಣ ಅಮೆರಿಕದಲ್ಲಿ ಶಿಕ್ಷಕಿಯಾಗುವ ಆಹ್ವಾನವೂ ಬಂದಿತ್ತು. ಪ್ರಾಣಭಯವೇ ಕಾರಣವಾಗಿದ್ದರೆ ಹಡಗು ಹತ್ತುವುದು ಸುಲಭವಿತ್ತು. ಏಪ್ರಿಲ್ 30ರಂದು, ಸ್ಪಷ್ಟತೆ ಸಿಗುವವರೆಗೆ ಏಳುವುದಿಲ್ಲವೆಂದು ಆಕೆ ಚರ್ಚೊಂದರಲ್ಲಿ ಪ್ರಾರ್ಥಿಸುತ್ತಾ ಕುಳಿತರು. ಹೊರಜಗತ್ತಿಗೆ ಆಕೆ ಬೇಕೆಂಬ ಹಳೆಯ ಆಕ್ಷೇಪವನ್ನು ಆ ಜಗತ್ತೇ ತಳ್ಳಿಹಾಕಿತ್ತು. ಮಾರ್ಗದರ್ಶಕರು ಈ ಬಾರಿ ಒಪ್ಪಿದರು. ಕೊಲೋನ್‌ನ ಕಾರ್ಮೆಲ್ ಮಠವೂ ಒಪ್ಪಿತು.

ಆದರೆ ತಾಯಿ ಒಪ್ಪಲಿಲ್ಲ. 84 ವರ್ಷದ ಔಗುಸ್ಟೆಗೆ ಮಗಳ ಈ ನಡೆ ತನ್ನ ಜನ ಸಂಕಟದಲ್ಲಿರುವಾಗ ಕೈಬಿಟ್ಟು ಹೋದಂತೆ ಕಂಡಿತು. 12 ವರ್ಷದ ಅಕ್ಕನ ಮಗಳೂ ಈಗಲೇ ಯಾಕೆ ಹೋಗಬೇಕೆಂದು ಚಿಕ್ಕಮ್ಮನನ್ನು ಕೇಳಿದಳು. ಎಡಿತ್‌ಗೆ ತಾನು ಯಾರನ್ನೂ ತೊರೆಯುತ್ತಿಲ್ಲವೆಂಬ ನಂಬಿಕೆಯಿತ್ತು. ಮನೆಯವರಿಗೆ ಆ ನಂಬಿಕೆಯನ್ನು ದಾಟಿಸಲು ಆಗಲಿಲ್ಲ. ತಮ್ಮ 42ನೆಯ ಹುಟ್ಟುಹಬ್ಬದಂದು ತಾಯಿಯೊಂದಿಗೆ ಸಿನಗಾಗಿಗೆ ಹೋಗಿ ಬಂದು, ಎರಡು ದಿನಗಳ ನಂತರ, ಅಕ್ಟೋಬರ್ 14ರಂದು, ಆಕೆ ಮಠ ಪ್ರವೇಶಿಸಿದರು. ಅಲ್ಲಿಂದ ವಾರವಾರವೂ ತಾಯಿಗೆ ಬರೆದರು. ಬಹುಕಾಲ ಉತ್ತರ ಬರಲಿಲ್ಲ. 1936ರಲ್ಲಿ ತಾಯಿ ತೀರಿಕೊಂಡಾಗ ಮಗಳು ಮಠದ ಗೋಡೆಯೊಳಗಿದ್ದರು.

ಸಿಸ್ಟರ್ ತೆರೇಸಾ ಬೆನೆಡಿಕ್ಟಾ ಎಂಬ ಹೊಸ ಹೆಸರು ಹೊತ್ತ ಆಕೆ 1938ರ ಏಪ್ರಿಲ್‌ನಲ್ಲಿ ಆಜೀವ ವ್ರತ ಸ್ವೀಕರಿಸಿದರು. ಅದೇ ವರ್ಷದ ಕೊನೆಯಲ್ಲಿ ಸುರಕ್ಷತೆಗಾಗಿ ನೆದರ್ಲೆಂಡ್ಸ್‌ನ ಎಖ್ಟ್ ಮಠಕ್ಕೆ ಕಳುಹಿಸಲಾಯಿತು. ಯಹೂದಿಗಳ ಗಡೀಪಾರನ್ನು ಖಂಡಿಸಿ ಅಲ್ಲಿನ ಬಿಷಪರು ಬರೆದ ಪತ್ರವನ್ನು 1942ರ ಜುಲೈ 26ರಂದು ಚರ್ಚುಗಳಲ್ಲಿ ಓದಿದ್ದಕ್ಕೆ ಪ್ರತೀಕಾರವಾಗಿ ಯಹೂದಿ ಮೂಲದ ಕ್ಯಾಥೊಲಿಕರನ್ನು ಬಂಧಿಸಲಾಯಿತು. ಎಡಿತ್ ಮತ್ತು ಜೊತೆಯಲ್ಲಿದ್ದ ಅಕ್ಕ ರೋಸಾ ಇಬ್ಬರೂ ಆಗಸ್ಟ್ 9ರಂದು ಔಶ್ವಿಟ್ಸ್‌ನಲ್ಲಿ ಕೊಲೆಯಾದರು. 1998ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಆಕೆಯನ್ನು ಸಂತರೆಂದು ಘೋಷಿಸಿದಾಗ, ಆಕೆ ಸತ್ತದ್ದು ಯಹೂದಿಯಾಗಿ ಹುಟ್ಟಿದ್ದಕ್ಕಲ್ಲವೇ ಎಂದು ಅನೇಕ ಯಹೂದಿಗಳು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಸತ್ಯವಿದೆ. ಔಗುಸ್ಟೆಯ ಮೌನದ ಪ್ರತಿಧ್ವನಿಯೂ ಇದೆ.

ಹೀಗೆ ನೋಡಿದರೆ, ಸರಿಯಾಗಿ ಪರೀಕ್ಷಿಸಿಕೊಂಡ ಕರೆ ಯಾರಿಗೂ ನೋವು ಕೊಡದ ಕರೆ ಎಂದೇನೂ ಅಲ್ಲ. ಹನ್ನೆರಡು ವರ್ಷಗಳ ಕಾಯುವಿಕೆಗೂ ತಾಯಿಯ ನೋವನ್ನು ಕರಗಿಸಲಾಗಲಿಲ್ಲ. ಆದರೆ ಆ ನೋವಿನ ಭಾರವೆಷ್ಟೆಂಬುದನ್ನು ಅರಿತು, ಬೇಡವೆಂದವರ ಮಾತಿಗೆ ಬೆಲೆಕೊಟ್ಟು, ಇದ್ದ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಾ ಕಾದದ್ದರಿಂದಲೇ ಎಡಿತ್ ಸ್ಟೈನ್ ಮಠದ ಬಾಗಿಲನ್ನು ಯಾವ ಭ್ರಮೆಯೂ ಇಲ್ಲದೆ ದಾಟಬಲ್ಲವರಾದರು. ಇಂದು ಮನೆಯ ಮಗಳು ಅಂತಹುದೇ ಬಯಕೆಯನ್ನು ಹೇಳಿಕೊಂಡಾಗ ಕೂಡಲೇ ಹರಸುವುದಕ್ಕಿಂತ, ಕೂಡಲೇ ತಡೆಯುವುದಕ್ಕಿಂತ, ಆಕೆಗೆ ಕಾಲಾವಕಾಶವನ್ನೂ ಸ್ವಾತಂತ್ರ್ಯವನ್ನೂ ಕೊಡುವುದು ಹಿರಿಯರು ಮಾಡಬಹುದಾದ ದೊಡ್ಡ ಉಪಕಾರ.