ಕುದುರೆಯೇರಿ ಬಂದ ದಾದಿ

ರೋಗಿಯನ್ನು ತಾನೇ ಪರೀಕ್ಷಿಸಿ, ರೋಗ ಗುರುತಿಸಿ, ಔಷಧಿ ಬರೆದುಕೊಡುವಷ್ಟು ಹೆಚ್ಚಿನ ತರಬೇತಿ ಪಡೆದ ದಾದಿಯನ್ನು ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ಎನ್ನುತ್ತಾರೆ. ಆ ಹೆಸರಿನ ಮೊದಲ ತರಬೇತಿ ಆರಂಭವಾದದ್ದು 1965ರಲ್ಲಿ, ಕೊಲರಾಡೊದಲ್ಲಿ. ಅದೇ ವರ್ಷ ಮೇ 16ರಂದು ಕೆಂಟಕಿ ರಾಜ್ಯದ ಬೆಟ್ಟಸೀಮೆಯಲ್ಲಿ ತೀರಿಕೊಂಡ ಮೇರಿ ಬ್ರೆಕಿನ್‌ರಿಜ್ ಆ ಬಗೆಯ ಕೆಲಸಕ್ಕೆ ನಲವತ್ತು ವರ್ಷ ಮೊದಲೇ ಕೈ ಹಾಕಿದ್ದರು.

1881ರಲ್ಲಿ ಹುಟ್ಟಿದ ಮೇರಿಯವರದು ದೊಡ್ಡ ಮನೆತನ. ಅಜ್ಜ ಅಮೆರಿಕದ ಉಪಾಧ್ಯಕ್ಷರಾಗಿದ್ದವರು. ಅಂಥ ಮನೆಯ ಹೆಣ್ಣುಮಕ್ಕಳು ದುಡಿಯಲು ಹೋಗುವುದು ಆ ಕಾಲಕ್ಕೆ ಹಿರಿಯರಿಗೆ ಹಿಡಿಸುವ ಮಾತಲ್ಲ. 1906ರಲ್ಲಿ ಗಂಡ ತೀರಿಕೊಂಡ ಮೇಲೆ ಅವರು ನ್ಯೂಯಾರ್ಕ್‌ನಲ್ಲಿ ನರ್ಸಿಂಗ್ ಕಲಿತು 1910ರಲ್ಲಿ ಮುಗಿಸಿದರು. ಮರುಮದುವೆಯಾದರು. 1916ರಲ್ಲಿ ಹುಟ್ಟಿದ ಹೆಣ್ಣುಕೂಸು ಕೆಲವೇ ಗಂಟೆ ಬದುಕಿತು. 1918ರಲ್ಲಿ ನಾಲ್ಕು ವರ್ಷದ ಮಗ ಬ್ರೆಕಿಯೂ ಹೋದ. ಮದುವೆಯೂ ಮುರಿಯಿತು. ಹೆತ್ತ ಮಕ್ಕಳಿಬ್ಬರನ್ನೂ ಕಳೆದುಕೊಂಡ ತಾಯಿ ಇನ್ನು ಊರ ಮಕ್ಕಳಿಗಾಗಿ ದುಡಿಯಲು ನಿಶ್ಚಯಿಸಿದರು.

ಮಹಾಯುದ್ಧದ ನಂತರ ಫ್ರಾನ್ಸಿನಲ್ಲಿ ಸೇವೆಗೆ ನಿಂತಾಗ, ಹೆರಿಗೆ ಮಾಡಿಸುವುದನ್ನೂ ಶಾಸ್ತ್ರೀಯವಾಗಿ ಕಲಿತ ದಾದಿಯರ ಅಗತ್ಯ ಅವರಿಗೆ ಮನದಟ್ಟಾಯಿತು. ಅಮೆರಿಕದಲ್ಲಿ ಆಗ ಅಂಥ ಶಿಕ್ಷಣ ಸುಲಭವಾಗಿ ಸಿಗುತ್ತಿರಲಿಲ್ಲ. ನಲವತ್ತು ದಾಟಿದ ವಯಸ್ಸಿನಲ್ಲಿ ಲಂಡನ್ನಿಗೆ ಹೋಗಿ ಮತ್ತೆ ವಿದ್ಯಾರ್ಥಿನಿಯಾದರು!

1925ರಲ್ಲಿ ಕೆಂಟಕಿಯ ಲೆಸ್ಲಿ ಕೌಂಟಿಯಲ್ಲಿ ಕೆಲಸ ಶುರುವಾಯಿತು. ಅಲ್ಲಿ ಡಾಂಬರು ರಸ್ತೆಯಿಲ್ಲ, ಪರವಾನಗಿ ಪಡೆದ ವೈದ್ಯರೂ ಇಲ್ಲ. ದಾದಿಯರು ಜೀನಿಗೆ ಔಷಧಿ ಚೀಲ ಕಟ್ಟಿ, ಕುದುರೆಯೇರಿ ಹೊಳೆ ದಾಟಿ ಮನೆಮನೆಗೆ ಹೋಗುತ್ತಿದ್ದರು. ಹೆರಿಗೆ, ಬಾಣಂತನ, ಚುಚ್ಚುಮದ್ದು, ಜ್ವರ, ಗಾಯ ಎಲ್ಲವೂ ಅವರ ಪಾಲಿಗೇ. ಹೆರಿಗೆಗೆ 5 ಡಾಲರ್ ಶುಲ್ಕ. ಹಣವಿಲ್ಲದವರು ಜೋಳವನ್ನೋ ಕೋಳಿಯನ್ನೋ ಕೊಡಬಹುದಿತ್ತು, ಇಲ್ಲವೇ ಮೈಮುರಿದು ದುಡಿದು ತೀರಿಸಬಹುದಿತ್ತು. ದಾನವೆಂದು ಕೊಟ್ಟಿದ್ದರೆ ಆ ಸ್ವಾಭಿಮಾನಿ ಜನ ಬಾಗಿಲು ತೆರೆಯುತ್ತಿದ್ದರೋ ಇಲ್ಲವೋ.

ವೈದ್ಯರು ಬಳಿಯಲ್ಲಿಲ್ಲದಾಗ ದಾದಿ ಎಲ್ಲಿಯವರೆಗೆ ಕೈ ಹಾಕಬಹುದು? ದೂರದ ಲೆಕ್ಸಿಂಗ್ಟನ್ ನಗರದ ವೈದ್ಯರ ಸಮಿತಿ ಇದನ್ನು ಬರಹದಲ್ಲೇ ಗೊತ್ತುಮಾಡಿಕೊಟ್ಟಿತು: ಯಾವ ಲಕ್ಷಣಕ್ಕೆ ಯಾವ ಔಷಧಿ, ಯಾವಾಗ ವೈದ್ಯರಿಗೆ ಹೇಳಿಕಳುಹಿಸಬೇಕು ಎಂದು. ನನ್ನ ಮಟ್ಟಿಗೆ ಮೇರಿಯವರ ಕುದುರೆಗಳಿಗಿಂತ ಈ ಏರ್ಪಾಡೇ ದೊಡ್ಡದು. ದಾದಿಯ ಕೈಗೆ ಧೈರ್ಯ ಬಂತು, ರೋಗಿಗೂ ರಕ್ಷಣೆ ಸಿಕ್ಕಿತು. ಅವರ ಆರೈಕೆಯಲ್ಲಿದ್ದ ಬಾಣಂತಿಯರ ಸಾವಿನ ಪ್ರಮಾಣ ಇಡೀ ದೇಶದ ಪ್ರಮಾಣಕ್ಕಿಂತ ಬಹಳ ಕಡಿಮೆಯಿತ್ತು.

1931ರಲ್ಲಿ ಕುದುರೆಯಿಂದ ಬಿದ್ದು ಮೇರಿಯವರ ಬೆನ್ನುಮೂಳೆ ಮುರಿಯಿತು. ಆದರೂ ಕೆಲಸ ಬಿಡಲಿಲ್ಲ. 1939ರಲ್ಲಿ ಯುದ್ಧ ಬಂದು ಇಂಗ್ಲೆಂಡಿನ ದಾದಿಯರು ತಾಯ್ನಾಡಿಗೆ ಹಿಂದಿರುಗತೊಡಗಿದಾಗ, ಅಲ್ಲಿಯೇ ಶಾಲೆ ತೆರೆದು ಹೊಸಬರಿಗೆ ಕಲಿಸುವ ಏರ್ಪಾಡು ಮಾಡಿದರು. ಅವರ ಸಂಸ್ಥೆ 1970ರಲ್ಲಿ ಕುಟುಂಬ ನರ್ಸ್ ಪ್ರಾಕ್ಟೀಷನರುಗಳ ತರಬೇತಿಯನ್ನೂ ಆರಂಭಿಸಿತು.