ಅಣ್ಣ ಆ ಕಡೆ, ತಮ್ಮ ಈ ಕಡೆ

ರಾಣೆಬೆನ್ನೂರಿನ ನಮ್ಮ ರೂಮಿನಲ್ಲಿ ಮೂವರಿದ್ದೇವೆ. ಒಬ್ಬ ಬಿ.ಇಡಿ ಮುಗಿಸಿ ಟಿಇಟಿಗೆ ಓದುತ್ತಿದ್ದಾನೆ. ನಾನು ಎಫ್‌ಡಿಎ, ಪಿಡಿಒ ಎಂದು ಕರೆದ ಹುದ್ದೆಗಳಿಗೆಲ್ಲ ಅರ್ಜಿ ತುಂಬುವವನು. ಮೂರನೆಯವ ಬ್ಯಾಡಗಿ ತಾಲ್ಲೂಕಿನವ. ಸೇನಾ ಭರ್ತಿಗಾಗಿ ಬೆಳಗಿನ ಐದಕ್ಕೇ ಎದ್ದು 1,600 ಮೀಟರ್ ಓಡಿ ಬಂದು, ನಾವಿನ್ನೂ ಮಲಗಿರುವಾಗಲೇ ಸ್ನಾನ ಮುಗಿಸಿರುತ್ತಾನೆ.

ಕಳೆದ ತಿಂಗಳು ಒಂದು ರಾತ್ರಿ ಮೂವರೂ ಮೊಬೈಲಿನಲ್ಲಿ ‘ರಾಗ್ ದೇಶ್’ ನೋಡಿದೆವು. ರಾಜ್ಯಸಭಾ ಟಿವಿ ನಿರ್ಮಿಸಿ, ತಿಗ್ಮಾಂಶು ಧೂಲಿಯಾ ನಿರ್ದೇಶಿಸಿದ 2017ರ ಕೋರ್ಟ್ ಡ್ರಾಮಾ ಅದು. ಆಜಾದ್ ಹಿಂದ್ ಫೌಜಿನ ಮೂವರು ಅಧಿಕಾರಿಗಳ ವಿಚಾರಣೆಯೇ ಅದರ ಕಥೆ. ಮುಗಿದಾಗ ಹನ್ನೆರಡಾಗಿತ್ತು. ಬ್ಯಾಡಗಿಯವ ಎದ್ದು ಕುಳಿತು ಒಂದು ಪ್ರಶ್ನೆ ಕೇಳಿದ: ಸೈನಿಕ ಪ್ರಮಾಣವಚನ ತೆಗೆದುಕೊಂಡ ಮೇಲೆ ಅದನ್ನು ಮುರಿಯಬಹುದೇ? ಅವರು ಮುರಿದದ್ದು ಸರಿಯಾದರೆ ಮುರಿಯದೆ ಉಳಿದವರು ಯಾರು? ಅವನಿಗೆ ಇದು ಬರೀ ಚರ್ಚೆಯ ವಿಷಯವಲ್ಲ. ಭರ್ತಿಯಾದರೆ ಅವನೂ ಪ್ರಮಾಣ ಮಾಡಬೇಕು.

ಉತ್ತರ ಹುಡುಕುತ್ತಾ ಹೋದವನಿಗೆ ಸಿಕ್ಕವರು ಕೊಡಗಿನ ಜನರಲ್ ತಿಮ್ಮಯ್ಯ.

ಮೊದಲು ಆ ಕೋರ್ಟಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. 1945ರ ನವೆಂಬರ್ 5ರಂದು ದೆಹಲಿಯ ಕೆಂಪುಕೋಟೆಯಲ್ಲಿ ಶುರುವಾದದ್ದು ಸಿವಿಲ್ ಕೋರ್ಟ್ ಅಲ್ಲ, ಕೋರ್ಟ್ ಮಾರ್ಷಲ್. ಅಲ್ಲಿ ತೀರ್ಪು ಕೊಡುವವರು ಸೇನಾ ಅಧಿಕಾರಿಗಳೇ. ಏಳು ಜನ ಕುಳಿತಿದ್ದರು, ಅವರಲ್ಲಿ ಮೂವರು ಭಾರತೀಯರು. ಕಾನೂನಿನ ವಿಷಯದಲ್ಲಿ ಸಲಹೆ ಕೊಡಲು ಜಡ್ಜ್ ಅಡ್ವೊಕೇಟ್ ಎಂಬ ಅಧಿಕಾರಿ ಇರುತ್ತಾನೆ. ಶಿಕ್ಷೆ ಹೇಳಿದ ಮಾತ್ರಕ್ಕೆ ಜಾರಿಯಾಗುವುದಿಲ್ಲ, ಮೇಲಿನ ಅಧಿಕಾರಿ ದೃಢೀಕರಿಸಬೇಕು. ಟೀವಿಯಲ್ಲಿ ನೋಡುವಾಗ ನಮಗೆ ಇದು ಹೊಳೆದಿರಲಿಲ್ಲ, ಆದರೆ ಕಥೆಯ ಕೀಲಿ ಇರುವುದೇ ಇಲ್ಲಿ.

ಶಾ ನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಮೇಲಿದ್ದ ಮುಖ್ಯ ಆರೋಪ ದೊರೆಯ ವಿರುದ್ಧ ಯುದ್ಧ ಹೂಡಿದ್ದು, ಅಂದರೆ ಐಪಿಸಿ 121ನೇ ಕಲಂ. (ಸ್ಪರ್ಧಾತ್ಮಕ ಪರೀಕ್ಷೆಯವರು ಗಮನಿಸಿ, ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೀಗ 147.) ಆರೋಪಿಗಳ ಪರ ವಾದಿಸಿದವರು ಬಾಂಬೆ ಹೈಕೋರ್ಟಿನ ಭೂಲಾಭಾಯಿ ದೇಸಾಯಿ. ಆಗ ನಮ್ಮ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಲ್ಲವೂ ಮುಂಬೈ ಪ್ರಾಂತ್ಯದಲ್ಲೇ ಇದ್ದವು, ನಮ್ಮ ಅಜ್ಜಂದಿರಿಗೂ ಅದೇ ಹೈಕೋರ್ಟು. ತನ್ನದೇ ಸರ್ಕಾರ, ತನ್ನದೇ ಶಿಸ್ತಿನ ಸೇನೆ ಇರುವವರು ಬಿಡುಗಡೆಗಾಗಿ ಮಾಡುವ ಯುದ್ಧವನ್ನು ಅಂತರರಾಷ್ಟ್ರೀಯ ಕಾನೂನಿನ ಅಡಿ ನೋಡಬೇಕು, ಒಂದು ದೇಶದ ಒಳಗಿನ ದಂಡಸಂಹಿತೆಯ ಅಡಿ ಅಲ್ಲ ಎಂಬುದು ಅವರ ವಾದ. ಇನ್ನೊಂದು ಅಂಶವನ್ನೂ ಅವರು ಮುಂದಿಟ್ಟರು. 1942ರ ಫೆಬ್ರುವರಿ 17ರಂದು ಸಿಂಗಪುರದ ಫಾರರ್ ಪಾರ್ಕಿನಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರನ್ನು ಬ್ರಿಟಿಷ್ ಅಧಿಕಾರಿಯೇ ಜಪಾನಿಯರ ಕೈಗೆ ಒಪ್ಪಿಸಿದ್ದ. ಒಡೆಯನೇ ಬಿಟ್ಟುಕೊಟ್ಟ ಮೇಲೆ ನಿಷ್ಠೆ ಯಾರಿಗೆ?

ಕೋರ್ಟು ಇದನ್ನು ಒಪ್ಪಲಿಲ್ಲ. ಮೂವರಿಗೂ ಜೀವಾವಧಿ ಗಡೀಪಾರು ಮತ್ತು ಸೇನೆಯಿಂದ ವಜಾ ಎಂದಾಯಿತು. ದೃಢೀಕರಿಸಬೇಕಾದ ಸೇನಾ ಮುಖ್ಯಸ್ಥ ಆಕಿನ್‌ಲೆಕ್ 1946ರ ಜನವರಿ 3ರಂದು ಗಡೀಪಾರನ್ನು ರದ್ದು ಮಾಡಿ ವಜಾವನ್ನಷ್ಟೇ ಉಳಿಸಿದರು. ಹೊರಗೆ ಊರೂರಲ್ಲಿ ಜನ ಬೀದಿಗಿಳಿದಿದ್ದರು. ಒಳಗೆ ಸೇನೆಯ ಭಾರತೀಯರ ಮನಸ್ಸೂ ಅವರಿಗೆ ಗೊತ್ತಿತ್ತು.

ಆ ಸೇನೆಯ ಒಳಗಿದ್ದ ಭಾರತೀಯರಲ್ಲಿ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಒಬ್ಬರು. 1906ರಲ್ಲಿ ಮಡಿಕೇರಿಯಲ್ಲಿ, ಕಾಫಿ ಬೆಳೆಗಾರರ ಮನೆಯಲ್ಲಿ ಹುಟ್ಟಿದವರು. ಮನೆಯಲ್ಲಿ ಕರೆಯುತ್ತಿದ್ದ ಹೆಸರು ದುಬ್ಬು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಆಮೇಲೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿಯಾದರು. ಮನೆಯ ಮೂವರು ಗಂಡುಮಕ್ಕಳೂ ಸೇನೆಗೇ ಸೇರಿದರು: ಅಣ್ಣ ಪೊನ್ನಪ್ಪ, ನಡುವೆ ತಿಮ್ಮಯ್ಯ, ತಮ್ಮ ಸೋಮಯ್ಯ.

ನಮ್ಮ ಬ್ಯಾಡಗಿಯವನ ಪ್ರಶ್ನೆ ತಿಮ್ಮಯ್ಯನವರನ್ನು ಇಪ್ಪತ್ತರ ಹರೆಯದಲ್ಲೇ ಕಾಡಿತ್ತು. ಅಲಹಾಬಾದಿನಲ್ಲಿದ್ದಾಗ ಅವರೂ ಕೆಲವು ಜೊತೆಗಾರರೂ ರಾಜೀನಾಮೆ ಕೊಟ್ಟು ಚಳವಳಿ ಸೇರಬೇಕೇ ಎಂದು ಮೋತಿಲಾಲ್ ನೆಹರೂ ಅವರನ್ನೇ ಕೇಳಿದರಂತೆ. ಮೋತಿಲಾಲರು ಬೇಡವೆಂದರು. ನಾಳೆ ಸ್ವಾತಂತ್ರ್ಯ ಬಂದಾಗ ದೇಶದ ಸೇನೆ ನಡೆಸಲು ಕಲಿತವರು ಬೇಕಾಗುತ್ತಾರೆ, ಇದ್ದು ಕಲಿಯಿರಿ ಎಂಬುದು ಅವರ ಸಲಹೆ. ತಿಮ್ಮಯ್ಯ ಉಳಿದರು.

ಹಾವೇರಿ ಜಿಲ್ಲೆಯವರಾದ ನಮಗೆ ಇದು ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಅದೇ ಕಾಲದಲ್ಲಿ, 1930ರಲ್ಲಿ, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ ಹದಿನೆಂಟು ವರ್ಷಕ್ಕೇ ಗಾಂಧೀಜಿಯ ಜೊತೆ ದಂಡಿಗೆ ನಡೆದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋಗಿ ಪೊಲೀಸರ ಗುಂಡಿಗೆ ಬಲಿಯಾದರು. ಹಾವೇರಿ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ. ಅವರು ಬಿದ್ದ ದಿನ ತಿಮ್ಮಯ್ಯ ಬ್ರಿಟಿಷರ ಸಮವಸ್ತ್ರದಲ್ಲಿದ್ದರು. ಓದುವಾಗ ಇಲ್ಲಿ ನಾನು ನಿಂತುಬಿಟ್ಟೆ, ಸುಳ್ಳೇಕೆ ಹೇಳಲಿ.

ಆದರೆ ಆ ಸಮವಸ್ತ್ರದ ಒಳಗೂ ಕುದಿ ಇತ್ತು. 1940ರಲ್ಲಿ ತಿಮ್ಮಯ್ಯನವರ ಪಲ್ಟಣ, 19ನೇ ಹೈದರಾಬಾದ್ ರೆಜಿಮೆಂಟಿನ ನಾಲ್ಕನೇ ಬೆಟಾಲಿಯನ್, ಸಿಂಗಪುರದಲ್ಲಿತ್ತು. ಬ್ರಿಟಿಷ್ ವಿರೋಧಿ ಅಭಿಪ್ರಾಯ ಹೊಂದಿದ್ದ ಒಬ್ಬ ಭಾರತೀಯ ಅಧಿಕಾರಿಯನ್ನು ವಾಪಸು ಕಳಿಸಿದ್ದಕ್ಕೆ ಜವಾನರು ಸಿಡಿದೆದ್ದರು. ಅವರ ಜೊತೆ ಮಾತಾಡಿ ಸಮಾಧಾನಪಡಿಸಿದವರಲ್ಲಿ ತಿಮ್ಮಯ್ಯ ಪ್ರಮುಖರು. ಜಪಾನಿಯರು ಬರುವ ಮೊದಲೇ ಅವರಿಗೆ ಭಾರತಕ್ಕೆ ವರ್ಗವಾಯಿತು. ಅವರ ಆ ಬೆಟಾಲಿಯನ್ ಮಲಯಾದಲ್ಲಿ ನುಚ್ಚುನೂರಾಯಿತು. ವರ್ಗವಾಗದೇ ಇದ್ದಿದ್ದರೆ ಫಾರರ್ ಪಾರ್ಕಿನ ಆ ಸಾಲಿನಲ್ಲಿ ತಿಮ್ಮಯ್ಯನವರೂ ನಿಂತಿರುತ್ತಿದ್ದರೇನೋ!

ಅಣ್ಣ ಪೊನ್ನಪ್ಪ ಆಜಾದ್ ಹಿಂದ್ ಫೌಜ್ ಸೇರಿದರು. ಒಂದೇ ತಾಯಿಯ ಮಕ್ಕಳು, ಒಂದೇ ಯುದ್ಧ, ಎರಡು ಧ್ವಜ. ಕೆಂಪುಕೋಟೆಯಲ್ಲಿ ವಕೀಲರು ವಾದಿಸಿದ ಪ್ರಶ್ನೆ ಮಡಿಕೇರಿಯ ಒಂದು ಮನೆಯೊಳಗೇ ಇತ್ತು.

1945ರ ಜನವರಿಯಲ್ಲಿ ಬರ್ಮಾದ ಅರಕಾನಿನಲ್ಲಿ, ಕಾಂಗಾ ಎಂಬಲ್ಲಿ, ಜಪಾನಿಯರ ವಿರುದ್ಧ ತಿಮ್ಮಯ್ಯ ಒಂದು ಬೆಟಾಲಿಯನ್ ನಡೆಸಿದರು. ಪಕ್ಕದ ಎರಡು ಬೆಟಾಲಿಯನ್‌ಗಳನ್ನು ನಡೆಸುತ್ತಿದ್ದವರೂ ಭಾರತೀಯರೇ, ಎಸ್.ಪಿ.ಪಿ. ಥೋರಾಟ್ ಮತ್ತು ಎಲ್.ಪಿ. ಸೇನ್. ಮೂವರಿಗೂ ಡಿಎಸ್‌ಒ ಪದಕ ಬಂತು. ತಿಮ್ಮಯ್ಯ ಬ್ರಿಗೇಡಿಯರ್ ಆದರು. ಸೆಪ್ಟೆಂಬರಿನಲ್ಲಿ ಸಿಂಗಪುರದಲ್ಲಿ ಜಪಾನ್ ಶರಣಾದಾಗ ಭಾರತದ ಪರವಾಗಿ ಹೋಗಿದ್ದವರು ಅವರೇ.

ಮೋತಿಲಾಲರ ಲೆಕ್ಕ ಫಲಿಸಿದ್ದು 1948ರಲ್ಲಿ. ಕಾಶ್ಮೀರದಲ್ಲಿ ಡಿವಿಷನ್ ಕಮಾಂಡರ್ ಆಗಿದ್ದ ತಿಮ್ಮಯ್ಯ, ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಲಡಾಖಿನ ದಾರಿ ತೆರೆದರು. ತಾವೇ ಮುಂದಿನ ಟ್ಯಾಂಕಿನಲ್ಲಿದ್ದರು. ತಮ್ಮ ಸೋಮಯ್ಯ ಅದೇ ಕಾಶ್ಮೀರದ ಕಾರ್ಯಾಚರಣೆಯಲ್ಲಿ ಮೈನ್ ಸಿಡಿದು ತೀರಿಕೊಂಡರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕೊರಿಯಾದ ಅಧ್ಯಾಯ. 1953ರ ಜುಲೈ 27ರಂದು ಅಲ್ಲಿ ಕದನವಿರಾಮವಾದಾಗ, ವಿಶ್ವಸಂಸ್ಥೆ ಸೇನೆಯ ವಶದಲ್ಲಿದ್ದ 22 ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ಊರಿಗೆ ಹೋಗಲೊಲ್ಲೆವೆಂದರು. ಇನ್ನೊಂದು ಬದಿಯಲ್ಲೂ ಹೀಗೆ 359 ಜನರಿದ್ದರು. 1949ರ ಜಿನೀವಾ ಒಪ್ಪಂದದ 118ನೇ ವಿಧಿಯ ಪ್ರಕಾರ ಯುದ್ಧ ಮುಗಿದ ಕೂಡಲೇ ಕೈದಿಗಳನ್ನು ಅವರ ದೇಶಕ್ಕೆ ಕಳಿಸಬೇಕು. ಹೋಗಲಾರೆ ಎನ್ನುವವನನ್ನು ಏನು ಮಾಡಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಒಪ್ಪಂದದಂತೆ ಕಳಿಸಲೇಬೇಕು ಎಂದು ಚೀನಾ, ಬಲವಂತ ಕೂಡದು ಎಂದು ಅಮೆರಿಕ. ಇದನ್ನು ಬಿಡಿಸಲು ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಕಾಯುವ ಭಾರತೀಯ ಪಡೆಗೆ ಥೋರಾಟ್ ಮುಖ್ಯಸ್ಥರು.

ಡೇರೆಗಳೇ ಅಲ್ಲಿನ ಕೋರ್ಟು. ಕೈದಿಯನ್ನು ಒಳಗೆ ಕರೆತಂದು ಕೂರಿಸುವುದು, ಅವನ ದೇಶದ ಪ್ರತಿನಿಧಿಗಳು ಮನವೊಲಿಸುವುದು, ಆಮೇಲೆ ಎರಡು ಬಾಗಿಲಿನಲ್ಲಿ ಒಂದನ್ನು ಅವನೇ ಆರಿಸಿ ಹೊರನಡೆಯುವುದು. ಆ ಚೀನೀಯರಲ್ಲಿ ಹಲವರು ಮೊದಲು ಚಿಯಾಂಗ್ ಕೈ ಷೆಕ್ ಸೇನೆಯಲ್ಲಿದ್ದು ಆಮೇಲೆ ಕಮ್ಯುನಿಸ್ಟ್ ಸೇನೆಗೆ ಬಂದವರು. ಯಾರ ಪ್ರಮಾಣ, ಯಾವ ಧ್ವಜ? ಪೊನ್ನಪ್ಪನವರ ತಮ್ಮನಿಗೆ ಈ ಪ್ರಶ್ನೆಯನ್ನು ಯಾರೂ ವಿವರಿಸಬೇಕಿರಲಿಲ್ಲ. 120 ದಿನಗಳ ಗಡುವು ಮುಗಿಯುವ ಹೊತ್ತಿಗೂ ಇವರ ಭವಿಷ್ಯ ಚರ್ಚಿಸಬೇಕಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. ಕೈದಿಗಳನ್ನು ನಾಗರಿಕರೆಂದು ಘೋಷಿಸಿ ಬಿಡಲು ತಿಮ್ಮಯ್ಯ ಒಪ್ಪಲಿಲ್ಲ, ತಮಗೆ ಅಧಿಕಾರವಿಲ್ಲದ್ದನ್ನು ಮಾಡುವುದಿಲ್ಲ ಎಂಬುದು ಅವರ ನಿಲುವು. ಬಲವಂತವಾಗಿ ಊರಿಗೂ ಅಟ್ಟಲಿಲ್ಲ. 1954ರ ಜನವರಿಯಲ್ಲಿ ಮೊದಲು ಯಾರ ವಶದಲ್ಲಿದ್ದರೋ ಅವರಿಗೇ ಒಪ್ಪಿಸಿದರು. ಎರಡೂ ಬಣದವರು ಬೈದರು. ಎರಡೂ ಕಡೆ ಬೇಡವೆಂದ 88 ಮಂದಿ ಭಾರತೀಯ ಪಡೆಯ ಜೊತೆ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದರು.

1957ರಲ್ಲಿ ಸೇನಾ ಮುಖ್ಯಸ್ಥರಾದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಹೊಂದಲಿಲ್ಲ. 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು, ನೆಹರೂ ಕರೆದು ಮಾತಾಡಿದ ಮೇಲೆ ಹಿಂತೆಗೆದುಕೊಂಡರು. ನೆಹರೂ ಸಂಸತ್ತಿನಲ್ಲಿ ಅವರ ನಡೆಯನ್ನು ಟೀಕಿಸಿದರು. ಹಿಂತೆಗೆದುಕೊಂಡದ್ದು ತಪ್ಪೆಂದು ನಮ್ಮ ಟಿಇಟಿ ಗೆಳೆಯನ ವಾದ. ಚುನಾಯಿತ ಸರ್ಕಾರದ ಮಾತಿಗೆ ಸೇನಾಪತಿ ತಲೆಬಾಗದ ನೆರೆಯ ದೇಶಗಳ ಪಾಡು ನೆನೆದರೆ ನನಗೆ ಹಾಗನ್ನಿಸುವುದಿಲ್ಲ.

ನಿವೃತ್ತಿಯ ನಂತರ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತಿದ್ದಾಗ, 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಮಡಿಕೇರಿಯಲ್ಲಿ ಅವರು ಬೆಳೆದ ‘ಸನ್ನಿಸೈಡ್’ ಮನೆ ಬಹಳ ಕಾಲ ಆರ್‌ಟಿಒ ಕಚೇರಿಯಾಗಿತ್ತು. 2021ರ ಫೆಬ್ರುವರಿ 6ರಿಂದ ಅದು ಮ್ಯೂಸಿಯಂ. ಬ್ಯಾಡಗಿಯವನ ಭರ್ತಿ ಓಟ ಮುಗಿದ ಮೇಲೆ ಮೂವರೂ ಅಲ್ಲಿಗೆ ಹೋಗಿಬರುವುದೆಂದು ಮಾತಾಗಿದೆ. ಬಸ್ಸಿನ ಖರ್ಚು ಅವನದೇ ಅಂತೆ, ಆಯ್ಕೆಯಾದರೆ.